ಹೊಸನಗರದ ಏಣಿ ಮತ್ತು ಎರಡು ಫ್ರೀ ಥ್ರೋ

ನಮ್ಮ ಮನೆಯ ಬಾವಿ ಮೋಟಾರ್ ಸುಟ್ಟುಹೋಗಿದ್ದು ಈ ವರ್ಷ ನನಗೆ ಸಿಕ್ಕ ಅತಿ ದೊಡ್ಡ ಖುಷಿ.

ನಗಬೇಡಿ. ಪೂರ್ತಿ ಕೇಳಿ.

ಸಾಗರದಲ್ಲಿ ನಮಗೆ ಗೊತ್ತಿದ್ದ ಅಂಗಡಿಯವರು ಕೈತುಂಬ ಕೆಲಸವಿದೆ, ಮುಂದಿನ ವಾರ ನೋಡೋಣ ಅಂದರು. ಮುಂದಿನ ವಾರದವರೆಗೆ ನೀರು ಸೇದುವವರು ಯಾರು? (ನಾನೇ. ಅದಕ್ಕೇ ನನಗೆ ಅಷ್ಟು ಅವಸರ.) ಆನಂದಪುರದಲ್ಲಿ ಒಬ್ಬರಿದ್ದಾರೆ, ಬೇಗ ವೈಂಡಿಂಗ್ ಮಾಡಿಕೊಡುತ್ತಾರೆ ಎಂದು ಪಕ್ಕದ ಮನೆಯವರು ಹೇಳಿದರು. ಸರಿ, ನಮ್ಮವರು ಮೋಟಾರನ್ನು ಕಾರಿನ ಡಿಕ್ಕಿಗೆ ಹಾಕಿದರು. ನಾನೂ ಹತ್ತಿ ಕೂತೆ.

ರಸ್ತೆ ಪಕ್ಕದ ಪುಟ್ಟ ಅಂಗಡಿ. ಒಳಗೆ ಹೊಟ್ಟೆ ಬಿಚ್ಚಿಕೊಂಡು ಕೂತ ಮೋಟಾರುಗಳು, ತಾಮ್ರದ ತಂತಿ, ವಾರ್ನಿಷ್ ವಾಸನೆ. ಸ್ಟೂಲಿನ ಮೇಲಿದ್ದ ಮನುಷ್ಯ ನಮ್ಮನ್ನು ನೋಡಿ ಎದ್ದರು. ಎದ್ದರು, ಎದ್ದರು, ಎದ್ದೇ ಎದ್ದರು. ಅಷ್ಟು ಎತ್ತರ. ತಲೆಯೆಲ್ಲ ಬೆಳ್ಳಗಾಗಿತ್ತು, ಮೂಗಿನ ತುದಿಯಲ್ಲಿ ಕನ್ನಡಕ. ಮೋಟಾರನ್ನು ನೋಡಿ, ಮುಟ್ಟಿ, ಮೂಸಿ, ಆಗುತ್ತೆ ಅಂದರು. ಆಮೇಲೆ ಕೈಯ ಗ್ರೀಸ್ ಒರೆಸಿಕೊಂಡ ಬಟ್ಟೆಯನ್ನು ಉಂಡೆ ಮಾಡಿ, ದೂರದ ಮೂಲೆಯಲ್ಲಿದ್ದ ಡಬ್ಬಕ್ಕೆ ಎಡಗೈಯಲ್ಲಿ ಎಸೆದರು.

ಬಟ್ಟೆ ಅಂಚಿಗೂ ತಾಗದೆ ಒಳಗೆ ಬಿತ್ತು. ಆದರೆ ನಾನು ನೋಡುತ್ತಿದ್ದದ್ದು ಕೈಯನ್ನು. ಎಸೆದ ಮೇಲೂ ಅದು ಕೆಳಗಿಳಿಯಲಿಲ್ಲ. ಮಣಿಕಟ್ಟು ಬಾಗಿ, ಬೆರಳುಗಳು ನೆಲ ನೋಡುತ್ತ, ಒಂದು ಕ್ಷಣ ಗಾಳಿಯಲ್ಲೇ ನಿಂತಿತು.

ಆ ಕೈ ನನಗೆ ಗೊತ್ತಿತ್ತು.

"ನೀವು ಏಣಿ ಸುಧಾಕರ ಅಲ್ವಾ?" ಅಂದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಏಣಿ ಸುಧಾಕರ ಅಂದರೆ ಯಾರು ಎಂದು ಕೇಳುವ ಓದುಗರೂ ಇರುತ್ತಾರೆ. (ನಿಮ್ಮ ಮೇಲೆ ಸಿಟ್ಟಿಲ್ಲ. ಮರುಕವಿದೆ.)

ನಾವು ಹರೆಯದಲ್ಲಿದ್ದಾಗ ಸಾಗರ, ಹೊಸನಗರ, ತೀರ್ಥಹಳ್ಳಿ ಸೇರಿ ಒಂದು ಬ್ಯಾಸ್ಕೆಟ್‌ಬಾಲ್ ಲೀಗ್ ನಡೆಯುತ್ತಿತ್ತು. ಹೌದು, ಬ್ಯಾಸ್ಕೆಟ್‌ಬಾಲ್. ನಮ್ಮ ಕಡೆ ವಾಲಿಬಾಲ್, ಕಬಡ್ಡಿ ಇದ್ದೇ ಇತ್ತು. ಆದರೆ ಬೇಸಿಗೆಯ ಭಾನುವಾರದ ಸಂಜೆಗಳು ಮಾತ್ರ ಈ ಲೀಗಿಗೆ ಮೀಸಲು. ಒಂದು ವಾರ ಆ ಊರು, ಇನ್ನೊಂದು ವಾರ ಈ ಊರು. ಸಾಗರದ ಟೀಮಿಗೆ ಕೆಂಪು ಜೆರ್ಸಿ, ನನ್ನ ತವರು ತೀರ್ಥಹಳ್ಳಿಗೆ ನೀಲಿ. ಹೊಸನಗರದವರಿಗೆ ಬಿಳಿ ಬನಿಯನ್, ಬೆನ್ನಿಗೆ ಪೇಂಟಿನಲ್ಲಿ ಬರೆದ ನಂಬರು. ಬೆವರಿದರೆ ಏಳು ಹೋಗಿ ಒಂದಾಗುತ್ತಿತ್ತು.

ಮತ್ತೆ ಸ್ಟಾರ್‌ಗಳು? ಅಬ್ಬಾ.

ಸಾಗರಕ್ಕೆ ಬುಲೆಟ್ ಬಾಬಣ್ಣ. ಕುಳ್ಳ ಮನುಷ್ಯ. ಚೆಂಡು ಅವರ ಕೈಗೆ ಹೋದರೆ ಕಾಲುಗಳ ಕಾಡಿನೊಳಗೆ ನುಗ್ಗಿ ಆ ಕಡೆಯಿಂದ ಹೊರಬರುತ್ತಿದ್ದರು. ನಮಗೆ ಪಕ್ಕದೂರು ಮೇಳಿಗೆಯ ಅವಳಿಗಳು, ರಾಜು ಮತ್ತು ರವಿ. ಇಬ್ಬರಲ್ಲಿ ಯಾರು ಯಾರು ಎಂದು ಅವರ ತಾಯಿಗೆ ಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಬ್ಬರು ಫೌಲ್ ಮಾಡಿದರೆ ಇನ್ನೊಬ್ಬರು ಕೈ ಎತ್ತುತ್ತಿದ್ದರು. ರೆಫರಿ ತಲೆ ಕೆರೆದುಕೊಳ್ಳುತ್ತ ನಿಲ್ಲುತ್ತಿದ್ದರು. ಮತ್ತು ಹೊಸನಗರಕ್ಕೆ ಸುಧಾಕರ. ಇವನನ್ನು ತಡೆಯಬೇಕಾದರೆ ಏಣಿ ತರಬೇಕು ಎಂದು ಯಾರೋ ಕೂಗಿದರಂತೆ. ಕೊನೆಗೆ ಏಣಿ ಅನ್ನುವುದು ಅವರ ಹೆಸರೇ ಆಯಿತು.

ನಮ್ಮವರು ಸಾಗರದವರು. ಬಾಬಣ್ಣನ ಪರಮ ಭಕ್ತರು. ಮದುವೆಯಾದ ಹೊಸದರಲ್ಲಿ ಬೇರೆ ಜೋಡಿಗಳು ಸಿನಿಮಾ, ಸೀರೆ ಅಂತ ಮಾತಾಡಿದರೆ ನಾವು ಬಾಬಣ್ಣ ದೊಡ್ಡವರೋ ಅವಳಿಗಳು ದೊಡ್ಡವರೋ ಎಂದು ಜಗಳವಾಡುತ್ತಿದ್ದೆವು. ಒಮ್ಮತ ಇದ್ದದ್ದು ಒಂದೇ ವಿಷಯದಲ್ಲಿ: ಏಣಿ ಸುಧಾಕರನಂಥ ಆಟಗಾರ ಮತ್ತೊಬ್ಬನಿಲ್ಲ.

ಆ ಲೀಗನ್ನು ಯಾರೂ ನಿಲ್ಲಿಸಲಿಲ್ಲ. ಒಂದು ಬೇಸಿಗೆಯಲ್ಲಿ ಯಾರೂ ಶುರು ಮಾಡಲಿಲ್ಲ, ಅಷ್ಟೆ. ಒಬ್ಬರಿಗೆ ವರ್ಗವಾಯಿತು, ಒಬ್ಬರಿಗೆ ಮಗುವಾಯಿತು, ಕಪ್ ಕೊಡುತ್ತಿದ್ದ ಸಾಹುಕಾರರು ತೀರಿಕೊಂಡರು. ಮುಂದಿನ ವರ್ಷ ನೋಡೋಣ ಅಂದರು. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ.

ಈಗ ಅಂಗಡಿಗೆ ಬನ್ನಿ.

ನನ್ನ ಪ್ರಶ್ನೆಗೆ ಅವರು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಅದೆಲ್ಲ ಹಳೇ ಕಥೆ ಅಂದರು. ನಮ್ಮವರು ಬಿಡಬೇಕಲ್ಲ? ಸಾಗರದಲ್ಲಿ ಹೀಗೆ ಹಾಕಿದ್ರಿ, ತೀರ್ಥಹಳ್ಳಿಯಲ್ಲಿ ಹಾಗೆ ಹಾರಿದ್ರಿ ಎಂದು ಕೈಕಾಲು ಆಡಿಸಿ ತೋರಿಸತೊಡಗಿದರು. ಐವತ್ತೆಂಟರ ಗಂಡಸು, ಗಿರಾಕಿಗಳ ಎದುರು, ಮೋಟಾರ್ ಅಂಗಡಿಯಲ್ಲಿ ಜಂಪ್ ಮಾಡುತ್ತಿದ್ದಾರೆ. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಮುಂದಿನದನ್ನು ನಾನೇ ನೆನಪಿಸಿಕೊಟ್ಟೆ.

ಸುಧಾಕರ ಅವರು ಮಾತ್ರ ನಗಲಿಲ್ಲ.

"ಹಾಗಾದ್ರೆ ಕೊನೇ ಫೈನಲ್ಲೂ ನೋಡಿರ್ತೀರಿ," ಅಂದರು. "ಎರಡೂ ಬಿಟ್ಟೆ ನಾನು."

ನಮಗೆ ತಟ್ಟನೆ ಹೊಳೆಯಲಿಲ್ಲ. ಅವರೇ ಹೇಳಿದರು. ಲೀಗಿನ ಕಟ್ಟಕಡೆಯ ಫೈನಲ್, ಸಾಗರ ಮತ್ತು ಹೊಸನಗರದ ನಡುವೆ, ತೀರ್ಥಹಳ್ಳಿಯಲ್ಲಿ. ಹೊಸನಗರ ಒಂದೇ ಪಾಯಿಂಟ್ ಹಿಂದೆ. ಕೊನೆಯ ಗಳಿಗೆಯಲ್ಲಿ ಇವರಿಗೆ ಫೌಲ್ ಆಯಿತು, ಟೈಮ್ ಮುಗಿಯಿತು. ಸಿಕ್ಕಿದ್ದು ಎರಡು ಫ್ರೀ ಥ್ರೋ. ಅಡ್ಡ ಬರುವವರು ಯಾರೂ ಇಲ್ಲ, ಗೆರೆಯ ಮೇಲೆ ಇವರೊಬ್ಬರೇ. ಒಂದು ಹಾಕಿದ್ದರೆ ಟೈ. ಎರಡು ಹಾಕಿದ್ದರೆ ಹೊಸನಗರಕ್ಕೆ ಮೊದಲ ಕಪ್. ಎರಡೂ ರಿಂಗಿಗೆ ಬಡಿದು ಹೊರಗೆ ಹೋದವು. ಮರುವರ್ಷ ಲೀಗೇ ಇಲ್ಲ. ಅಂದರೆ ಹೊಸನಗರಕ್ಕೆ ಕಪ್ಪೂ ಇಲ್ಲ, ಎಂದೆಂದಿಗೂ.

ಆಮೇಲೆ ಅವರು ಚೆಂಡು ಮುಟ್ಟಲಿಲ್ಲವಂತೆ. ಆನಂದಪುರದಲ್ಲಿ ಅಂಗಡಿ ಹಾಕಿದರು, ಸಂಸಾರವೂ ಇಲ್ಲೇ ಬೆಳೆಯಿತು. ಮದುವೆ ಮುಂಜಿ ಅಂತ ಹೊಸನಗರಕ್ಕೆ ಹೋದರೆ ಊಟ ಮುಗಿಸಿ ಹಿಂದಿನ ರಸ್ತೆಯಲ್ಲಿ ಬಂದುಬಿಡುತ್ತಾರಂತೆ. ಬಸ್‌ಸ್ಟ್ಯಾಂಡಿನ ಹತ್ತಿರ ಹಳೇ ಜನ ಕೂತಿರುತ್ತಾರಲ್ಲ?

"ಏನೂ ಅನ್ನಲ್ಲ ಅವ್ರು," ಅಂದರು, ತಂತಿಯ ತುದಿ ಹುಡುಕುತ್ತ. "ನೋಡ್ತಾರೆ. ಅದೇ ಸಾಕು."

ವಾಪಸ್ ಬರುವಾಗ ಕಾರಿನಲ್ಲಿ ನಮ್ಮವರು ಕೇಳಿದರು, ಆ ಫೈನಲ್ಲಿನಲ್ಲಿ ನಿನಗೆ ಏನು ನೆನಪಿದೆ? ಯೋಚಿಸಿದೆ. ಹೊಸನಗರದವರು ಒಂದು ಜೀಪಿನಲ್ಲಿ ಹಿಡಿಸುವಷ್ಟೇ ಜನ ಬಂದಿದ್ದರು. ಒಬ್ಬರು ಫೌಲ್ ಜಾಸ್ತಿಯಾಗಿ ಹೊರಹೋಗಿ, ಇನ್ನೊಬ್ಬರ ಕಾಲು ಉಳುಕಿ, ಕೊನೆಗೆ ಐದರ ಬದಲು ನಾಲ್ಕೇ ಜನ ಆಡಿದರು. ಸೋತೇ ಹೋದರು ಅಂದುಕೊಂಡಾಗ ಸುಧಾಕರ ಅಂಕಣದ ಅರ್ಧದಿಂದಲೇ ಚೆಂಡು ಎಸೆದರು. ಅದು ಒಳಗೆ ಬಿದ್ದಾಗ ಸಾಗರದವರೂ ಎದ್ದು ನಿಂತರು. ನನಗೆ ನೆನಪಿದ್ದದ್ದು ಅದು. ನಮ್ಮವರಿಗೂ ಅದೇ. ಫ್ರೀ ಥ್ರೋ ನಿಜವಾಗಿಯೂ ಮರೆತುಹೋಗಿತ್ತು.

ಮನೆ ತಲುಪಿದವಳೇ ವನಜಕ್ಕನಿಗೆ ಫೋನ್ ಮಾಡಿದೆ.

ವನಜಕ್ಕ ಹೊಸನಗರದವರು. ಎಷ್ಟೋ ವರ್ಷ ಖಾನಾವಳಿ ನಡೆಸಿದವರು. ಮ್ಯಾಚಿಗೆ ಬರುವಾಗ ಸ್ಟೀಲ್ ತಟ್ಟೆ, ಸೌಟು ತಂದು ಬಡಿಯುತ್ತಿದ್ದರು. ಆ ಸದ್ದಿನ ವಿಷಯಕ್ಕೆ ಜಗಳವಾಡಿಯೇ ನಾವಿಬ್ಬರೂ ಸ್ನೇಹಿತರಾಗಿದ್ದು. ಸುಧಾಕರ ಹೇಳಿದ್ದನ್ನೆಲ್ಲ ಹೇಳಿದೆ. ವನಜಕ್ಕ ಸುಮ್ಮನಿದ್ದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಗೊತ್ತಾಯಿತು, ಹೊಸನಗರದ ಕಥೆಯೇ ಬೇರೆ. ಸುಧಾಕರ ಬೇರೆ ಊರಿಗೆ ಹೋಗಿ ದೊಡ್ಡ ಮನುಷ್ಯನಾದ, ಮದುವೆಗೆ ಬಂದರೂ ನಮ್ಮನ್ನು ಮಾತಾಡಿಸದೆ ಹೋಗುತ್ತಾನೆ, ಯಾಕೆ ಸಿಟ್ಟೋ ಏನೋ ಎಂದು ಇವರೆಲ್ಲ ಬೇಜಾರು ಮಾಡಿಕೊಂಡು ಕೂತಿದ್ದರಂತೆ. ಅವರು ಇವರಿಗೆ ಹೆದರಿ ಹಿಂದಿನ ರಸ್ತೆ. ಇವರು ಅವರ ಮೇಲೆ ಮುನಿಸಿಕೊಂಡು ಮುಂದಿನ ರಸ್ತೆ. ಎಷ್ಟು ವರ್ಷ ಹೀಗೆ?

ನಾವು ಮೋಟಾರ್ ತರಲು ಹೋದ ದಿನ ವನಜಕ್ಕ ರಿಪ್ಪನ್‌ಪೇಟೆ ಮೇಲಿನ ಬಸ್ಸು ಹಿಡಿದು ನಮಗಿಂತ ಮೊದಲೇ ಅಂಗಡಿಗೆ ಬಂದಿದ್ದರು. ಎಪ್ಪತ್ತು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲೇ ನಿಂತಿದ್ದಾರೆ. ಸುಧಾಕರ ಅವರು ಅಷ್ಟುದ್ದ ಮೈಯನ್ನು ಕುಗ್ಗಿಸಿಕೊಂಡು ಸ್ಟೂಲಿನ ಮೇಲೆ.

"ನಮ್ಮೂರು ಫೈನಲ್ ಕಂಡಿದ್ದೇ ನಿನ್ನಿಂದ ಮಾರಾಯ," ವನಜಕ್ಕ ಹೇಳುತ್ತಿದ್ದರು. "ನೀನು ಬಿಟ್ಟಿದ್ದು ಎರಡು. ಹಾಕಿದ್ದು ಎಷ್ಟು ಅಂತ ನಮ್ಮನ್ನ ಕೇಳು. ನೀ ಬರದೇ ಇದ್ದಿದ್ದಕ್ಕೆ ಬೇಜಾರೇ ಹೊರತು ಆ ಬಾಲಿಗಲ್ಲ. ಈ ಭಾನುವಾರ ಊರಿಗೆ ಬಾ, ಎಲ್ರೂ ಸೇರೋಣ."

ಸುಧಾಕರ ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು.

"ಬರ್ತೀನಿ ಅಕ್ಕಾ," ಅಂದರು ಕಡೆಗೆ. "ಬಾಲ್ ಮಾತ್ರ ಮುಟ್ಟಲ್ಲ."

ಅಷ್ಟು ಸಾಕಿತ್ತು. ವಾಟ್ಸಾಪ್ ಅನ್ನುವುದು ಗುಡ್ ಮಾರ್ನಿಂಗ್ ಹೂವು ಕಳಿಸಲಿಕ್ಕೆ ಮಾತ್ರ ಅಂದುಕೊಂಡಿದ್ದೆ. ಮೂರೂರಿನ ಮುದಿ ಅಭಿಮಾನಿಗಳ ಗ್ರೂಪ್ ಒಂದು ಸಂಜೆಯೊಳಗೆ ಹುಟ್ಟಿ, ಮಲಗಲು ಬಿಡದಷ್ಟು ಗದ್ದಲ ಮಾಡಿತು. ಯಾರೋ ಹಳೇ ಫೋಟೋ ಹಾಕಿದರು. ಯಾರೋ ಇದು ಬಾಬಣ್ಣನ ಕಾಲಲ್ಲ ಎಂದು ತಕರಾರು ತೆಗೆದರು. ಒಬ್ಬರು ತಮ್ಮ ಕೆಂಪು ಜೆರ್ಸಿ ಹುಡುಕಿ, ತೊಟ್ಟು, ಅರ್ಧಕ್ಕೇ ಸಿಕ್ಕಿಕೊಂಡ ವಿಡಿಯೋ ಕಳಿಸಿದರು.

ಆ ಭಾನುವಾರ ಮಧ್ಯಾಹ್ನ ಹೊಸನಗರದ ಶಾಲಾ ಮೈದಾನದಲ್ಲಿ ಜನ ನೋಡಬೇಕಿತ್ತು ನೀವು. ಹಳೇ ಅಂಕಣದಲ್ಲಿ ಒಂದು ಕಂಬ ಮಾತ್ರ ಉಳಿದಿತ್ತು, ರಿಂಗಿಗೆ ತುಕ್ಕು. ಅವಳಿಗಳು ಮೇಳಿಗೆಯಿಂದ ಹೊಸ ಬಲೆ ತಂದು ಕಟ್ಟಿಸಿದರು. (ಈಗ ಅವರನ್ನು ಗುರುತಿಸುವುದು ಸುಲಭ. ರಾಜು ಬೋಳಾಗಿದ್ದಾರೆ, ರವಿ ದಪ್ಪವಾಗಿದ್ದಾರೆ.) ಬಾಬಣ್ಣ ಎರಡೂ ಮಂಡಿಗೆ ಪಟ್ಟಿ ಸುತ್ತಿಕೊಂಡು, ಚೆಂಡು ಬಗಲಲ್ಲಿಟ್ಟುಕೊಂಡು, ಮದುಮಗನಂತೆ ಬಂದರು. ನಮ್ಮವರು ಓಡಿ ಹೋಗಿ ಅವರ ಕೈ ಹಿಡಿದವರು ಬಿಡಲೇ ಇಲ್ಲ.

ಸುಧಾಕರ ಅವರು ಬಂದಾಗ ಮೊದಲು ತಟ್ಟೆ ಬಡಿದ ಸದ್ದು. ಅದರ ಹಿಂದೆಯೇ ಚಪ್ಪಾಳೆ. ಜನ ಸುತ್ತುವರಿದರು. ಒಬ್ಬರು ಪಕ್ಕದಲ್ಲಿ ನಿಂತು ಎತ್ತರ ಅಳೆದುಕೊಂಡರು. ಒಬ್ಬರು ಎಡಗೈ ಹಿಡಿದು ಮೊಮ್ಮಗಳಿಗೆ ತೋರಿಸಿದರು. ಆಡಿ ತೋರಿಸಿ ಎಂದು ಯಾರೂ ಕೇಳಲಿಲ್ಲ. ವನಜಕ್ಕ ಮೊದಲೇ ಎಲ್ಲರಿಗೂ ತಾಕೀತು ಮಾಡಿದ್ದರು.

ಬಾಬಣ್ಣ ಆ ತಾಕೀತಿಗೆ ಬಗ್ಗುವವರಲ್ಲ. ಕುಂಟುತ್ತ ಬಂದು ಚೆಂಡನ್ನು ಅವರ ಕೈಗೇ ಇಟ್ಟುಬಿಟ್ಟರು.

"ಹಿಡ್ಕೊ. ಕೆಳಗೆ ಬಿದ್ರೆ ಎತ್ತೋಕೆ ನಂಗೆ ಮಂಡಿ ಬಗ್ಗಲ್ಲ."

ಹಿಡಿಯದೆ ಏನು ಮಾಡುತ್ತಾರೆ? ಹಿಡಿದರು. ತಿರುಗಿಸಿದರು. ಒಮ್ಮೆ ನೆಲಕ್ಕೆ ಕುಟ್ಟಿದರು, ಅದು ಕೈಗೆ ಬಂತು. ಮತ್ತೆ ಕುಟ್ಟಿದರು. ನಾವೆಲ್ಲ ಬೇರೆಲ್ಲೋ ನೋಡುತ್ತಿರುವಂತೆ ನಟಿಸಿದೆವು. ಆಗ ಅವರೇ ಕೇಳಿದರು, ಗೆರೆ ಎಲ್ಲಿತ್ತು?

ಶುರುವಾಯಿತು ನೋಡಿ. ಗೆರೆ ಇಲ್ಲಿತ್ತು ಎಂದು ವನಜಕ್ಕ. ಇಲ್ಲ, ಇನ್ನೂ ಹಿಂದೆ ಎಂದು ನಮ್ಮವರು. ಹೆಜ್ಜೆ ಹಾಕಿ ಅಳೆದರು, ಆ ಹೆಜ್ಜೆ ಸಣ್ಣದು ಎಂದು ಜಗಳವಾಯಿತು. ಕೊನೆಗೆ ತೀರ್ಥಹಳ್ಳಿಯವಳು, ಯಾರ ಕಡೆಯವಳೂ ಅಲ್ಲ ಎಂದು ನನ್ನನ್ನೇ ನಿಲ್ಲಿಸಿದರು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆ.

ಮೊದಲನೆಯದು ರಿಂಗಿನವರೆಗೂ ಹೋಗಲಿಲ್ಲ. ಸೊಟ್ಟಗೆ ಹೋಗಿ ರವಿಯ ಹೊಟ್ಟೆಗೆ ಬಡಿಯಿತು. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಆಗ ಸುಧಾಕರ ಅವರೇ ನಕ್ಕರು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಮೈದಾನವೇ ನಕ್ಕಿತು.

ಎರಡನೆಯದನ್ನು ಎಸೆಯುವ ಮೊದಲು ಅವರು ಉಸಿರು ಎಳೆದುಕೊಂಡರು. ಚೆಂಡು ಮೇಲೆ ಹೋಯಿತು, ರಿಂಗಿಗೆ ಬಡಿಯಿತು, ಅಂಚಿನ ಮೇಲೆ ಒಂದು ಸುತ್ತು ಹಾಕಿತು, ಮತ್ತೆ ಬಲೆಯೊಳಗೆ ಇಳಿಯಿತು.

ನಾನು ಕೂಗಿದೆ. ಯಾರ ಕಡೆಯವಳೂ ಅಲ್ಲದ ನಾನು. ನಮ್ಮವರು ಸಾಗರದವರೆಂಬುದನ್ನು ಮರೆತು ನನಗಿಂತ ಜೋರಾಗಿ ಕೂಗಿದರು. ಸುಧಾಕರ ಅವರು ಗೆರೆಯ ಮೇಲೇ ನಿಂತು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಬಾಬಣ್ಣ ಅವರ ಸೊಂಟ ತಬ್ಬಿದರು. ಅವರಿಗೆ ಎಟಕುವುದು ಅಷ್ಟೆ.

ಗದ್ದಲ ಇಳಿಯುವ ಮುಂಚೆಯೇ ವನಜಕ್ಕ ತಟ್ಟೆ ಬಡಿದರು. "ಒಂದು ಬಿತ್ತಲ್ಲ? ಅಂದ್ರೆ ಮ್ಯಾಚ್ ಟೈ. ಎಕ್ಸ್‌ಟ್ರಾ ಟೈಮ್ ಆಡ್ಲೇಬೇಕು."

ಇದ್ಯಾವ ರೂಲ್ಸು ಎಂದು ನಮ್ಮವರು ಎಗರಾಡಿದರು. ಕೇಳುವವರು ಯಾರು? ಪ್ಯಾಂಟು ಮಡಚಿದರು, ಪಂಚೆ ಎತ್ತಿ ಕಟ್ಟಿದರು, ಬಿಪಿ ಮಾತ್ರೆ ತಗೊಂಡಿದ್ದೀರಾ ಎಂದು ಹೆಂಡತಿಯರು ವಿಚಾರಿಸಿದರು. ಒಂದೇ ಬುಟ್ಟಿ, ಎರಡು ಟೀಮು. ಅವಳಿಗಳನ್ನು ಆ ಕಡೆಗೊಬ್ಬರು ಈ ಕಡೆಗೊಬ್ಬರು ಹಂಚಿಕೊಂಡರು. ಬಾಬಣ್ಣ ನಿಂತಲ್ಲೇ ನಿಂತು ಎಲ್ಲರಿಗೂ ಬೈದರು. ಸುಧಾಕರ ಅವರು ಓಡಿದರು, ಬಿದ್ದರು, ಎದ್ದರು. ಏಣಿ, ಏಣಿ ಎಂದು ಮೈದಾನ ಕೂಗುತ್ತಿತ್ತು. ಚೆಂಡು ಕಣ್ಣಿಗೆ ಕಾಣುವಷ್ಟು ಹೊತ್ತು ಆಡಿದರು. ಗೆದ್ದಿದ್ದು ಯಾರು? ಸಾಗರದವರನ್ನು ಕೇಳಿದರೆ ಸಾಗರ. ಹೊಸನಗರದವರನ್ನು ಕೇಳಿದರೆ, ಕೇಳುವ ಪ್ರಶ್ನೆಯಾ ಅದು?

ಆಮೇಲೆ ಎಲ್ಲರೂ ಗುಂಪಾಗಿ ಬಸ್‌ಸ್ಟ್ಯಾಂಡಿಗೆ ನಡೆದರು. ಮುಂದಿನ ರಸ್ತೆಯಲ್ಲೇ. ಚಹಾದ ಅಂಗಡಿ ಬೆಂಚಿನ ನಡುವೆ ಸುಧಾಕರ ಅವರನ್ನು ಕೂರಿಸಿದರು. ಅವರು ಆಡಿದ ಒಂದೊಂದು ಆಟವನ್ನೂ ಅವರಿಗೇ ಹೇಳಿದರು. ಅರ್ಧಕ್ಕರ್ಧ ಅವರಿಗೇ ನೆನಪಿರಲಿಲ್ಲ. ನಾನೇನಾ, ನಾನೇನಾ ಎಂದು ಕೇಳುತ್ತಿದ್ದರು, ಬೇರೆ ಯಾರದೋ ಸಾಹಸ ಕೇಳುವವರಂತೆ.

ನೋಡಿ, ನಮ್ಮ ತಲೆಯಲ್ಲಿ ಅವರು ಇಷ್ಟು ವರ್ಷ ಗಾಳಿಯಲ್ಲೇ ಹಾರುತ್ತಿದ್ದರು. ಅವರ ತಲೆಯಲ್ಲಿ ಮಾತ್ರ ಆ ಗೆರೆಯ ಮೇಲೆ ಒಬ್ಬರೇ ನಿಂತಿದ್ದರು. ಮೂರೂರಿನ ನಡುವೆ ದಿನವೂ ಅಷ್ಟೊಂದು ಬಸ್ಸುಗಳು ಓಡಾಡುತ್ತವೆ. ಇಷ್ಟು ಸಣ್ಣ ಸುದ್ದಿಯೊಂದು ಆನಂದಪುರ ಮುಟ್ಟಲಿಲ್ಲ. ಹಳೆಯ ಆಟಗಾರರು, ಹಳೆಯ ಮೇಷ್ಟ್ರು, ನಾಟಕದಲ್ಲಿ ಪಾರ್ಟು ಮಾಡಿದವರು, ಹೀಗೆ ಒಂದು ಕಾಲದಲ್ಲಿ ನಮ್ಮನ್ನು ಕೂತಲ್ಲಿಂದ ಎಬ್ಬಿಸಿ ನಿಲ್ಲಿಸಿದವರು ಎಲ್ಲ ಊರಿನಲ್ಲೂ ಇದ್ದಾರೆ. ಅವರ ಬಗ್ಗೆ ನಾವು ನಾವೇ ಗಂಟೆಗಟ್ಟಲೆ ಮಾತಾಡಿಕೊಳ್ಳುತ್ತೇವೆ.

ಮರೆತಿಲ್ಲ, ಸರಿ. ಆದರೆ ಅದನ್ನು ಅವರಿಗೆ ಹೇಳಿದ್ದೇವಾ?