ಕಂಬಕ್ಕೆ ಕುಡಿಸಿದ ಎಣ್ಣೆ

ಮುಂಬಯಿಯ ವಿಕ್ರೋಳಿಯ ನಮ್ಮ ಚಾಳಿನ ಅಂಗಳದಲ್ಲಿ ನೀರಿನ ಪೈಪಿಗಾಗಿ ಅಗೆದಾಗ ಕೆಸರಿನಡಿಯಿಂದ ಕಪ್ಪನೆಯ ಮರದ ಕಂಬವೊಂದು ಹೊರಬಂತು. ಹಿಂದೆ ಕಡಲ ಹಿನ್ನೀರು ಇಲ್ಲಿಯವರೆಗೆ ಬರುತ್ತಿದ್ದಾಗ ದೋಣಿ ಕಟ್ಟುತ್ತಿದ್ದ ಗೂಟವಿರಬೇಕು ಎಂದರು ಹಿರಿಯರು. ಚಾಳನ್ನು ಕೆಡವಿ ಬಿಲ್ಡಿಂಗ್ ಕಟ್ಟುವ ನಕ್ಷೆಯಲ್ಲಿ ಆ ಅಂಗಳ ಪಾರ್ಕಿಂಗ್ ಆಗಲಿತ್ತು. ಮಕ್ಕಳು ಆಡಲು, ಹೆಂಗಸರು ಹಪ್ಪಳ ಒಣಗಿಸಲು ನಮಗಿದ್ದದ್ದು ಅದೊಂದೇ ಬಯಲು. ಕಂಬ ನಿಜಕ್ಕೂ ಪುರಾತನವೆಂದಾದರೆ ಅಂಗಳವನ್ನು ಹಾಗೆಯೇ ಉಳಿಸಲು ಸೊಸೈಟಿಯ ಕಮಿಟಿ ಒಪ್ಪಿತು. ಭಾವನೆಯಿಂದಲ್ಲ, ಸಾಕ್ಷ್ಯದಿಂದ ಗೆಲ್ಲೋಣ ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳ ಹುರುಪಿನಲ್ಲೇ ನಾನು ಭಾಷಣ ಮಾಡಿದೆ.

ಕಂಬದಿಂದ ತೆಗೆದ ಮಾದರಿ ತುಂಡನ್ನು ಪ್ರಯೋಗಾಲಯಕ್ಕೆ ನಾನೇ ಒಯ್ದೆ. ಹಿಂದೆ ಇಡೀ ಸಭಾಂಗಣವನ್ನೇ ಬೇಡುತ್ತಿದ್ದ ವಯಸ್ಸು ಅಳೆಯುವ ಕಣ ವೇಗವರ್ಧಕ ಯಂತ್ರ ಈಗ ಒಂದು ಕೋಣೆಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿದೆ. ಬೆಂಕಿಕಡ್ಡಿಯ ತಲೆಯಷ್ಟು ಮರ ಸಾಕು ಎಂದರು ಅಲ್ಲಿನ ವಿಜ್ಞಾನಿ. ಬದುಕಿರುವಾಗ ಮರ ಹೀರಿಕೊಂಡ ವಿಕಿರಣಶೀಲ ಇಂಗಾಲ, ಅದು ಸತ್ತ ಮೇಲೆ ನಿಧಾನವಾಗಿ ಕ್ಷೀಣಿಸುತ್ತದೆ. ಉಳಿದ ಪರಮಾಣುಗಳನ್ನು ಯಂತ್ರ ಎಣಿಸುತ್ತದೆ. ಕಡಿಮೆ ಉಳಿದಷ್ಟೂ ವಯಸ್ಸು ಹೆಚ್ಚು. ಅವರು ಕೊಟ್ಟ ಫಾರ್ಮಿನಲ್ಲಿ, ಮಾದರಿಗೆ ಏನಾದರೂ ಲೇಪಿಸಲಾಗಿದೆಯೇ ಎಂಬ ಪ್ರಶ್ನೆಯಿತ್ತು. ಯಾರನ್ನೂ ವಿಚಾರಿಸದೆ 'ಇಲ್ಲ' ಎಂದು ಬರೆದೆ.

ಕೆಲವು ವಾರಗಳ ನಂತರ ವರದಿ ಬಂತು: ಕಂಬಕ್ಕೆ ಹಲವು ಸಾವಿರ ವರ್ಷ!

"ಚಲೋ ಆತಲ್ರೀ ಸರ," ಎಂದರು ಪಕ್ಕದ ಖೋಲಿಯ ಧಾರವಾಡದ ಅಕ್ಕ. "ಇನ್ನ ನಮ್ಮ ಅಂಗಳಕ್ಕ ಯಾರ್ ಕೈ ಹಚ್ತಾರ ನೋಡೂಣು!"

ನಾನೂ ನಕ್ಕೆ. ಆದರೆ ಕಂಬದ ತುದಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಮೊಳೆಯೊಂದಿತ್ತು. ಕಬ್ಬಿಣವೇ ಗೊತ್ತಿರದಷ್ಟು ಹಳೆಯ ಕಾಲದ ಮರಕ್ಕೆ ಕಬ್ಬಿಣದ ಮೊಳೆ ಹೊಡೆದವರು ಯಾರು? ಎರಡು ದಿನ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೊನೆಗೆ, ಕಂಬವನ್ನು ತಮ್ಮ ಬಾಗಿಲ ಬಳಿ ನೆರಳಲ್ಲಿಟ್ಟು ಕಾಯುತ್ತಿದ್ದ ಉಡುಪಿ ಕಡೆಯ ಅಣ್ಣನ ಬಳಿ ಹೋದೆ. ಅವರು ದಾದರಿನ ಹೋಟೆಲೊಂದರಲ್ಲಿ ಭಟ್ಟರಾಗಿದ್ದು ನಿವೃತ್ತರಾದವರು.

"ಅಣ್ಣ, ಕಂಬಕ್ಕೆ ಏನಾದ್ರೂ ಹಚ್ಚಿದ್ರಾ?"

"ಹಚ್ಚದೆ ಬಿಡುದುಂಟಾ ಮಾರಾಯ್ರೆ? ಗೆದ್ದಲು ಹಿಡಿದ್ರೆ ಎಂತ ಮಾಡುದು? ಗ್ಯಾರೇಜಿಂದ ಕಾಲಾ ಆಯಿಲ್, ಎಂಜಿನ್ನಿನ ಹಳೇ ಎಣ್ಣೆ, ತಂದು ಮೂರು ಸಲ ಕುಡಿಸಿದೆ. ನೀವು ತುಂಡು ತೆಗಿಯುವ ಮೊದಲೇ."

"ನನಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ರಾ? ನೀವು ಭಾಷಣ ಮಾಡ್ತಾ ಇದ್ರಿ."

ವಿಜ್ಞಾನಿಗೆ ಫೋನ್ ಮಾಡಿದೆ. ಎಂಜಿನ್ ಎಣ್ಣೆ ಬರುವುದು ಕಚ್ಚಾತೈಲದಿಂದ; ಅದು ಭೂಗರ್ಭದಲ್ಲಿ ಎಷ್ಟು ಕಾಲ ಹುದುಗಿತ್ತೆಂದರೆ ಆ ವಿಕಿರಣಶೀಲ ಇಂಗಾಲ ಅದರಲ್ಲಿ ಚೂರೂ ಉಳಿದಿಲ್ಲ. ಯಂತ್ರ ಸರಿಯಾಗಿಯೇ ಎಣಿಸಿತ್ತು, ಆದರೆ ಮರದ ಜೊತೆ ಎಣ್ಣೆಯನ್ನೂ; ಹಾಗಾಗಿ ಮರ ಇದ್ದದ್ದಕ್ಕಿಂತ ಹಳೆಯದಾಗಿ ಕಂಡಿತ್ತು. ಮರದ ಒಳತಿರುಳಿನ ತುಂಡು ಕಳಿಸಿದರೆ ಎಣ್ಣೆ ತೊಳೆದು ಮತ್ತೆ ನೋಡುತ್ತೇವೆ, ವಯಸ್ಸು ಎಷ್ಟಾದರೂ ಬರಬಹುದು ಎಂದರು.

ಮುಂದೇನು ಮಾಡಬೇಕೆಂದು ತೋಚಲಿಲ್ಲ. ನಾನು ಬೇಡಿದ ಸಾಕ್ಷ್ಯ ನನ್ನ ಪರವಾಗಿಯೇ ಇತ್ತು, ಅದು ಸುಳ್ಳೆಂದು ಚಾಳಿನಲ್ಲಿ ನನಗೊಬ್ಬನಿಗೇ ತಿಳಿದಿತ್ತು. ಸುಳ್ಳಿನಿಂದ ಉಳಿದ ಅಂಗಳ ಅನ್ಯಾಯವೇ? ಸತ್ಯದಿಂದ ಪಾರ್ಕಿಂಗ್ ಆದ ಅಂಗಳ ನ್ಯಾಯವೇ? ವೇದಿಕೆಯ ಮೇಲೆ ಎರಡೂ ಪಕ್ಷಗಳನ್ನು ಸಲೀಸಾಗಿ ವಾದಿಸಬಲ್ಲ ನನಗೆ ಇಲ್ಲಿ ಒಂದು ಪಕ್ಷವೂ ಸಿಗಲಿಲ್ಲ.

ಭಾನುವಾರದ ಸಭೆಯಲ್ಲಿ ವರದಿಯನ್ನು ಓದಿದೆ. ಓದಿ ಮುಗಿಸಿದವನು ಕೂರದೆ ಎಣ್ಣೆಯ ವಿಷಯವನ್ನೂ ಹೇಳಿಬಿಟ್ಟೆ. ಎರಡನೆಯ ವರದಿ ಬರುವವರೆಗೆ ಕಾಯೋಣ ಎಂದಿತು ಕಮಿಟಿ. ಧಾರವಾಡದ ಅಕ್ಕ ಮಾತ್ರ ನನ್ನನ್ನೇ ದಿಟ್ಟಿಸಿ ಕೇಳಿದರು: "ಸರ, ನೀವು ಯಾರ ಕಡೀಯವ್ರು?"

ಮರುದಿನ ಅಣ್ಣನೇ ಗರಗಸ ತಂದು ಒಳತಿರುಳಿನ ತುಂಡು ಕೊಯ್ದು ಕೊಟ್ಟರು. ಹೊಸ ಫಾರ್ಮನ್ನು ಅವರ ಎದುರೇ ತುಂಬಿದೆ. ಲೇಪನ: ಹೌದು, ಮೂರು ಸಲ.

"ದೀಪಾವಳಿಗೆ ಒಮ್ಮೆ ತೆಂಗಿನೆಣ್ಣೆಯೂ," ಎಂದರು ಅವರು. "ಅದನ್ನೂ ಬರ್ಕೊಳ್ಳಿ."

ಅದನ್ನೂ ಬರೆದುಕೊಂಡೆ. ಯಾವ ಉತ್ತರಕ್ಕಾಗಿ ಹಾರೈಸಬೇಕೆಂಬುದು ಮಾತ್ರ ಲಕೋಟೆ ಅಂಟಿಸುವಾಗಲೂ ನನಗೆ ತಿಳಿದಿರಲಿಲ್ಲ.