ಗೆಣಸಿನ ಎಲೆಯ ಬಲಗಡೆ

ಚಿತ್ರದ ಮೇಲೆ ಗೆರೆ ಎಳೆದು ಅಳೆಯುವ ಆ ಸಾಫ್ಟ್‌ವೇರನ್ನು ನನಗೆ ಯಾರೂ ಕಲಿಸಲಿಲ್ಲ. ಬಿ.ಕಾಂ. ಮುಗಿಸಿ ಬೆಳಗಾವಿಯ ಖಾಸಬಾಗದ ಮನೆಯಲ್ಲಿ ಕುಳಿತಿದ್ದಾಗ, ಯಾರೋ ಒಬ್ಬರು ಜೀವಕೋಶಗಳ ಸುತ್ತ ಹಳದಿ ಗೆರೆ ಎಳೆಯುವ ವಿಡಿಯೊ ನೋಡಿದೆ. ಪುಕ್ಕಟೆ ಸಿಗುತ್ತದೆ ಎಂದರು, ಇಳಿಸಿಕೊಂಡೆ. ನನ್ನ ಹತ್ತಿರ ಜೀವಕೋಶಗಳ ಫೋಟೊ ಇರಲಿಲ್ಲ. ಹಾಗಾಗಿ ಅವ್ವನ ರೊಟ್ಟಿಯಿಂದ ಶುರು ಮಾಡಿದೆ.

ರೊಟ್ಟಿಯ ಅಂಚಿನ ಮೇಲೆ ಒಂದೊಂದೇ ಬಿಂದು ಒತ್ತುತ್ತಾ ಹೋಗಿ, ಕೊನೆಗೆ ಮೊದಲ ಬಿಂದುವಿಗೆ ಮುಟ್ಟಿಸಿದರೆ ಆಕಾರ ಮುಚ್ಚಿಕೊಳ್ಳುತ್ತದೆ. ಬಿಂದು ತಪ್ಪಿದರೆ ಹಿಡಿದು ಎಳೆದು ಸರಿಯಾದ ಜಾಗದಲ್ಲಿ ಕೂರಿಸಬಹುದು, ಬೇಡವಾದರೆ ಅಳಿಸಬಹುದು. ಆಮೇಲೆ ಅದು ವಿಸ್ತೀರ್ಣ ಎಷ್ಟು, ಸುತ್ತಳತೆ ಎಷ್ಟು, ಎಷ್ಟು ದುಂಡಗಿದೆ ಎಂದು ಹೇಳುತ್ತದೆ. ಪೂರ್ತಿ ದುಂಡಗಿದ್ದರೆ ಒಂದು. ಅವ್ವನ ರೊಟ್ಟಿ ಒಂದಕ್ಕೆ ಸ್ವಲ್ಪ ಕಡಿಮೆ ಬಂತು. ಅದನ್ನು ಅವಳಿಗೆ ತಿಳಿಸಿದೆ. ನಾಳೆಯಿಂದ ನೀನೇ ಬಡಿ ಎಂದಳು. ನನ್ನ ರೊಟ್ಟಿಯನ್ನು ನಾನು ಅಳೆಯಲಿಲ್ಲ.

ಹಿಂದವಾಡಿಯಲ್ಲಿ ನನ್ನ ಗೆಳತಿಯ ಮನೆಯ ಮಹಡಿಯ ಮೇಲೆ ಒಬ್ಬ ಮೇಡಂ ಬಾಡಿಗೆಗಿದ್ದರು. ಪಿಎಚ್‌.ಡಿ. ಮಾಡುತ್ತಿದ್ದರು. ಗೆಣಸಿನ ಎಲೆಯನ್ನು ಹುಳ ಎಷ್ಟು ತಿನ್ನುತ್ತದೆ ಎಂಬುದು ಅವರ ವಿಷಯ. ಖಾನಾಪುರದ ಹತ್ತಿರದ ಒಂದು ಹೊಲದಲ್ಲಿ ಎಲೆ ಕಿತ್ತು, ಗಾಜಿನ ಕೆಳಗೆ ಚಪ್ಪಟೆಯಾಗಿ ಇಟ್ಟು, ಪಕ್ಕದಲ್ಲಿ ಅಳತೆಯ ಸ್ಟೀಲ್ ಪಟ್ಟಿ ಇಟ್ಟು ಫೋಟೊ ತೆಗೆದುಕೊಂಡು ಬಂದಿದ್ದರು. ಇನ್ನೂರಕ್ಕೂ ಹೆಚ್ಚು ಎಲೆ. ಒಂದೊಂದರ ಸುತ್ತಲೂ ಗೆರೆ ಎಳೆಯಬೇಕು, ಹುಳ ಮಾಡಿದ ತೂತುಗಳ ಸುತ್ತ ಬೇರೆ ಗೆರೆ ಎಳೆಯಬೇಕು, ಎಲೆಯ ಎಷ್ಟು ಪಾಲು ತೂತು ಎಂದು ಲೆಕ್ಕ ಹಾಕಬೇಕು. ಮೇಡಂಗೆ ಕಣ್ಣು ನೋವು. ನನಗೆ ಈ ಕೆಲಸ ಬರುತ್ತದೆ ಎಂದು ಗೆಳತಿ ಹೇಳಿದಳು. ರೊಟ್ಟಿಯ ವಿಷಯ ಹೇಳಲಿಲ್ಲ.

ಮೊದಲ ಹತ್ತು ಎಲೆಗಳನ್ನು ಮೇಡಂ ಪಕ್ಕದಲ್ಲೇ ಕೂತು ಎಳೆದೆ. ಒಂದು ಎಲೆಗೆ ಎಂಬತ್ತು ತೊಂಬತ್ತು ಬಿಂದು. ಅವರು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ತಾವು ಎಳೆದದ್ದಕ್ಕಿಂತ ಚಲೋ ಇದೆ ಎಂದು ಉಳಿದದ್ದನ್ನೆಲ್ಲ ನನಗೇ ಬಿಟ್ಟುಕೊಟ್ಟರು. ಇಷ್ಟು ನಂಬಿಕೆಯ ಕೆಲಸ ನನಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ಹನ್ನೊಂದನೆಯ ಎಲೆಯಿಂದ ನಾನು ಸುಧಾರಣೆ ಶುರು ಮಾಡಿದೆ.

ನಮ್ಮಪ್ಪ ಸೀರೆಯ ಡಿಸೈನ್ ಬರೆಯುವವರು. ಬುಟ್ಟಾ ಬರೆಯುವಾಗ ಗ್ರಾಫ್ ಹಾಳೆಯ ಮೇಲೆ ನಡುವೆ ಒಂದು ಗೆರೆ ಹಾಕಿ ಎಡ ಅರ್ಧವನ್ನಷ್ಟೇ ಬರೆಯುತ್ತಾರೆ. ಅದನ್ನೇ ಮಗುಚಿದರೆ ಬಲ ಅರ್ಧ ಆಗುತ್ತದೆ. ಹೂವಾದರೂ ಅಷ್ಟೇ, ಎಲೆಯಾದರೂ ಅಷ್ಟೇ. ಶಾಲೆಗೆ ಹೋಗುವ ಕಾಲದಿಂದ ಅವರ ಪಕ್ಕ ಕೂತು ನಾನೂ ಇದನ್ನೇ ಮಾಡಿದ್ದೇನೆ. ನಮ್ಮ ಓಣಿಯಲ್ಲಿ ಎರಡೂ ಬದಿ ಕೂತು ಬರೆಯುವವರಿಗೆ ಕೆಲಸ ಗೊತ್ತಿಲ್ಲ ಎನ್ನುತ್ತಾರೆ. ಗೆಣಸಿನ ಎಲೆ ನೋಡಿದರೆ ಹೃದಯದ ಆಕಾರ, ನಡುವೆ ನೆಟ್ಟಗೆ ಒಂದು ನರ. ಮಗುಚುವುದಕ್ಕೆಂದೇ ಮಾಡಿಟ್ಟ ಹಾಗಿತ್ತು.

ಎಡ ಅರ್ಧವನ್ನು ಎಳೆದರೆ ಸಾಕು, ಅದನ್ನು ಮಗುಚಿ ಬಲಗಡೆ ಜೋಡಿಸುವಂತೆ ಸಾಫ್ಟ್‌ವೇರಿಗೆ ನಾಲ್ಕು ಸಾಲಿನ ಆಜ್ಞೆ ಬರೆದೆ. ಬರೆಯಲು ಎರಡು ದಿನ ಹಿಡಿಯಿತು. ಎಡಗಡೆ ತೂತಿದ್ದರೆ ಬಲಗಡೆಯೂ ಅಂಥದೇ ತೂತು, ಎಡಗಡೆ ಇಲ್ಲದಿದ್ದರೆ ಬಲಗಡೆಯೂ ಇಲ್ಲ. ಗೆರೆ ಅಂಚಿನ ಮೇಲೆ ಸರಿಯಾಗಿ ಕೂರಲಿ ಎಂದು ಚಿತ್ರವನ್ನು ಹಿಗ್ಗಿಸಿಕೊಂಡಿರುತ್ತಿದ್ದೆ. ಪರದೆ ತುಂಬ ಎಡ ಅರ್ಧವೇ. ಬಲಗಡೆ ಹೋಗುವ ಪ್ರಸಂಗವೇ ಬರಲಿಲ್ಲ. ಒಂದು ತಿಂಗಳ ಕೆಲಸವನ್ನು ಹತ್ತು ದಿನದಲ್ಲಿ ಮುಗಿಸಿಕೊಟ್ಟೆ. ಮೇಡಂ ಬಹಳ ಹೊಗಳಿದರು. ಹೇಗೆ ಮಾಡಿದೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಲಿತದ್ದನ್ನೆಲ್ಲ ಹೇಳಬೇಕೆಂದಿಲ್ಲ ಎಂದು ಆಗ ಅನ್ನಿಸಿತ್ತು.

ಹದಿನೈದು ದಿನದ ಮೇಲೆ ಮೇಡಂ ಫೋನ್ ಮಾಡಿದರು. ನನ್ನ ಕೋಷ್ಟಕದ ಪ್ರಕಾರ ಆ ಹೊಲದ ಎಲೆಗಳನ್ನು ಹುಳ ಹೆಚ್ಚುಕಡಿಮೆ ಮುಟ್ಟಿಯೇ ಇರಲಿಲ್ಲ. ಅದನ್ನು ನೋಡಿದ ಅವರ ಗೈಡ್, ಹುಳ ತಿನ್ನದಿದ್ದರೆ ನೀವು ಸಂಶೋಧನೆ ಮಾಡುವುದು ಏನನ್ನು, ವಿಷಯ ಬದಲಾಯಿಸಿ ಎಂದಿದ್ದರು. ಎರಡು ವರ್ಷದ ಓಡಾಟ ಅಲ್ಲಿಗೆ ಮುಗಿಯುತ್ತದೆ. ಹೊಲದಲ್ಲಿ ತೂತು ಕಂಡ ನೆನಪು ಮೇಡಂಗೆ ಇತ್ತು. ಆದರೆ ಅವರು ತಮ್ಮ ನೆನಪಿಗಿಂತ ನನ್ನ ಕೋಷ್ಟಕವನ್ನು ನಂಬಿದ್ದರು. ಕೊನೆಯ ಸಲ ಹೋಗಿ ಇನ್ನಷ್ಟು ಫೋಟೊ ತೆಗೆಯೋಣ, ನೀನೂ ಬಾ ಎಂದರು. ನನಗೆ ಹೊಲ ನೋಡುವ ಖುಷಿ. ಲ್ಯಾಪ್‌ಟಾಪ್ ಹಿಡಿದುಕೊಂಡು ಖಾನಾಪುರದ ಬಸ್ ಹತ್ತಿದೆ.

ಹೊಲದವರು ಐವತ್ತು ದಾಟಿದ ಒಬ್ಬ ಹೆಂಗಸು; ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಎಲ್ಲರೂ ಕರೆಯುವುದು. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ಎಲೆ ಕೀಳುವುದು, ಗಾಜಿನ ಕೆಳಗೆ ಇಡುವುದು ಅವರ ಕೆಲಸ. ಮೇಲಿನಿಂದ ಮೊಬೈಲಿನಲ್ಲಿ ಫೋಟೊ ತೆಗೆಯುವುದು ಮೇಡಂ ಕೆಲಸ. ಮೊದಲ ಸಲವೂ ಹಾಗೇ ಮಾಡಿದ್ದರಂತೆ. ನಾನು ಪಕ್ಕದಲ್ಲಿ ಕೂತು ಚುರುಮುರಿ ತಿನ್ನುತ್ತಾ ನೋಡುತ್ತಿದ್ದೆ. ಮಾವಶಿ ಪಟ್ಟಿಯನ್ನು ಗಾಜಿನ ಬಲಗಡೆ ಇಟ್ಟಿದ್ದರು. ಪ್ರತಿ ಎಲೆಯನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿ, ತೂತು ಹೆಚ್ಚಿದ್ದ ಕಡೆ ಪಟ್ಟಿಯತ್ತ ಬರುವ ಹಾಗೆ ಇಡುತ್ತಿದ್ದರು. ಎಡಗಡೆ ಬಂದರೆ ಎಲೆಯನ್ನೇ ಹೊರಳಿಸಿ ಇಡುತ್ತಿದ್ದರು.

ನಾಲ್ಕು ಎಲೆ ಹಾಗೇ ನೋಡಿದೆ. ಐದನೆಯದಕ್ಕೆ, ಯಾಕೆ ಹಾಗೆ ಎಂದು ಕೇಳಿದೆ.

"ತಿಂದದ್ದ ಅಳ್ಯಾವ್ರ ಅಲ್ಲನ ಪೋರಿ ನೀವು? ಮತ್ತ ತಿಂದ ಕಡಿ ಪಟ್ಟಿ ಬಾಜೂಕ ಬರಬೇಕಲ್ಲ" ಎಂದರು.

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಸುತ್ತಲೂ ಗೆರೆ ಎಳೆಯುವವರಿಗೆ ಎಲೆ ಹೇಗೆ ಇಟ್ಟರೂ ಒಂದೇ. ನಾನು ಚುರುಮುರಿಯನ್ನು ಕೆಳಗಿಟ್ಟು ಲ್ಯಾಪ್‌ಟಾಪ್ ತೆರೆದೆ. ಮಗುಚಿ ಮಾಡಿದ ಹಳೆಯ ಚಿತ್ರಗಳಲ್ಲಿ ಒಂದನ್ನು ತೆಗೆದು, ಅದರ ಮೇಲೆ ನಾನು ಎಳೆದ ಆಕಾರವನ್ನು ಕೂರಿಸಿ, ಮೊದಲ ಬಾರಿಗೆ ಪೂರ್ತಿ ಎಲೆ ಕಾಣುವ ಹಾಗೆ ಕುಗ್ಗಿಸಿದೆ. ಎಡಗಡೆ ಗೆರೆ ಅಂಚಿಗೆ ಅಂಟಿಕೊಂಡಂತಿತ್ತು. ಬಲಗಡೆ ಹಳದಿ ಗೆರೆ ಮೂರು ತೂತುಗಳನ್ನು ಒಳಗೆ ಹಾಕಿಕೊಂಡು, ಅಲ್ಲಿ ಏನೂ ಆಗಿಲ್ಲವೆಂಬಂತೆ ಸುತ್ತುವರಿದಿತ್ತು. ಮುಂದಿನದನ್ನು ತೆಗೆದೆ. ಅದೂ ಹಾಗೇ. ಆರು ನೋಡಿ ನಿಲ್ಲಿಸಿದೆ.

ಹೇಳದೆ ಇದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇಡಂ ವಿಷಯ ಬದಲಾಯಿಸುತ್ತಿದ್ದರು; ಅದಕ್ಕೂ ಗೆರೆ ಎಳೆಯಲು ನನ್ನನ್ನೇ ಕರೆಯುತ್ತಿದ್ದರು. ಹೇಳಿದರೆ ಮತ್ತೆ ಕರೆಯುವುದಿಲ್ಲ. ಮಾವಶಿ ಇನ್ನೆರಡು ಎಲೆ ಇಡುವವರೆಗೆ ಇದನ್ನೇ ಯೋಚಿಸುತ್ತಾ ಕೂತಿದ್ದೆ.

"ಮೇಡಂ ರೀ, ಹುಳ ತಿಂದಾವ್ರಿ. ನಾ ಅರ್ಧಾ ಎಲಿನ ಎಳದೇನ್ರಿ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಾಲ್ಕು ಸಾಲಿನ ಆಜ್ಞೆ, ಮಗುಚುವುದು, ಅಪ್ಪನ ಬುಟ್ಟಾ, ಎಲ್ಲವನ್ನೂ ಹೇಳಿದೆ. ಹೇಳುವಾಗಲೂ ಆಜ್ಞೆ ಬರೆದ ಭಾಗವನ್ನು ಸ್ವಲ್ಪ ಹೆಚ್ಚೇ ವಿವರಿಸಿದೆನೆಂದು ಕಾಣುತ್ತದೆ. ಮೇಡಂ ಪರದೆ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಪರದೆ ನೋಡಿದರು. ಮಾವಶಿಯೂ ಬಂದು ಬಗ್ಗಿ, ಬಲಗಡೆಯ ತೂತಿನ ಮೇಲೆ ಮಣ್ಣಿನ ಬೆರಳಿಟ್ಟರು.

"ಇಷ್ಟ ದೊಡ್ಡದ ಕಾಣ್ಲಿಲ್ಲ ನಿನಗ? ನಾ ಚಷ್ಮಾ ಇಲ್ದ ನೋಡಿಟ್ಟೇನಿ."

ಮೇಡಂ ಬೈಯಲಿಲ್ಲ. ಗೈಡ್‌ಗೆ ಫೋನ್ ಹಚ್ಚಿ, ಅದನ್ನು ನನ್ನ ಕೈಗೆ ಕೊಟ್ಟರು. "ನೀನ ಹೇಳು. ನಾ ಹೇಳಿದ್ರ ಟಾಪಿಕ್ ಉಳಿಸ್ಕೊಳ್ಳಾಕ ಸುಳ್ಳ ಹೇಳಾಕತ್ತಾಳ ಅಂತಾರ."

ಆ ಸರ್ ಅನ್ನು ನಾನು ಕಂಡವಳಲ್ಲ. ಬದುವಿನ ಮೇಲೆ ನಿಂತು ಮತ್ತೆ ಮೊದಲಿನಿಂದ ಹೇಳಿದೆ. ಸಿಗ್ನಲ್ ಹೋಯಿತೆಂದುಕೊಂಡು ಬದುವಿನ ಆ ತುದಿಗೆ ನಡೆದೆ.

"ನೀವು ಯಾರು?" ಎಂದರು ಸರ್.

"ಗೆರಿ ಎಳಿಯಾಕಿರಿ."

"ಪೂರ್ತಿ ಎಳೀರಿ. ಎಲ್ಲಾ ಎಲಿ. ಆಮ್ಯಾಲೆ ಟಾಪಿಕ್ ನೋಡೂಣು."

ಬಸ್ಸಿನಲ್ಲಿ ಬರುವಾಗ ಮೇಡಂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಬೆಳಗಾವಿ ಹತ್ತಿರ ಬಂದಾಗ, ನಾಳೆ ಹತ್ತಕ್ಕೆ ಬಾ ಎಂದರು. ನಾನು ಒಂಬತ್ತೂವರೆಗೆ ಹೋದೆ.

ಹಳೆಯ ಆಕಾರಗಳನ್ನೆಲ್ಲ ಅಳಿಸಿದೆ. ನಾಲ್ಕು ಸಾಲಿನ ಆಜ್ಞೆಯನ್ನೂ ಅಳಿಸಿದೆ. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಐದು ವಾರ ಕೂತು ಎರಡೂ ಬದಿ ಎಳೆದೆ. ಯಾವ ಎಲೆಯ ಎರಡು ಬದಿಯೂ ಒಂದೇ ಥರ ಇರಲಿಲ್ಲ. ಪ್ರತಿದಿನ ಸಂಜೆ ಮೇಡಂ ಎಲ್ಲ ಆಕಾರಗಳನ್ನೂ ಒಂದೊಂದಾಗಿ ತೆರೆದು ನೋಡುತ್ತಿದ್ದರು, ಕಣ್ಣು ನೋಯುತ್ತಿದ್ದರೂ. ನಾನು ಬೇಡ ಎನ್ನಲಿಲ್ಲ.

ಹುಳ ಸಾಕಷ್ಟು ತಿಂದಿತ್ತು. ವಿಷಯ ಉಳಿಯಿತು. ಮೇಡಂ ತಮ್ಮ ಪ್ರಬಂಧದಲ್ಲಿ ಅಳತೆಯ ವಿಧಾನ ಬರೆಯುವಾಗ, ಎಲೆಯ ಎಡ ಮತ್ತು ಬಲ ಎರಡೂ ಅಂಚುಗಳನ್ನು ಕೈಯಿಂದಲೇ ಗುರುತಿಸಲಾಗಿದೆ ಎಂದು ಒಂದು ವಾಕ್ಯ ಸೇರಿಸಿದರು. ಓದಿದ ಪರೀಕ್ಷಕರೊಬ್ಬರು, ಇದನ್ನು ಹೇಳುವ ಅಗತ್ಯವೇನು, ಒಂದೇ ಅಂಚು ಯಾರು ಗುರುತಿಸುತ್ತಾರೆ ಎಂದು ಕೇಳಿದರಂತೆ. ಇರಲಿ ಸರ್ ಎಂದರಂತೆ ಮೇಡಂ.