ಡಬ್ಬಿ ನಮ್ಮದು, ಮುಚ್ಚಳ ಅವರದು

ಪುಣೆ ಹತ್ತಿರದ ಭೋಸರಿಯ ನಮ್ಮ ಕಾರ್ಖಾನೆಯಲ್ಲಿ ಮೊದಲು ಟ್ರ್ಯಾಕ್ಟರ್ ಪಂಪಿನ ಭಾಗಗಳು ತಯಾರಾಗುತ್ತಿದ್ದವು. ನಾನು ತಪಾಸಣೆ ವಿಭಾಗದವಳು. ಮಾಲು ಅಳೆದು ನೋಡಿ, ಸರಿ ಇದ್ದರೆ ಬಿಡುವುದು, ಇಲ್ಲದಿದ್ದರೆ ತಿರುಗಿ ಕಳಿಸುವುದು ನನ್ನ ಕೆಲಸ. ಒಂದು ದಿನ ಮಾಲಕರು ಎಲ್ಲರನ್ನೂ ಕರೆದು, ಇನ್ನು ಮುಂದೆ ನಾವು ಅಂತರಿಕ್ಷದವರು ಎಂದು ಮರಾಠಿಯಲ್ಲಿ ಸಾರಿ ಪೇಢೆ ಹಂಚಿದರು. ನಮ್ಮ ದೇಶ ಮತ್ತು ಯುರೋಪಿನ ಒಂದು ದೇಶ ಕೂಡಿ ಉಪಗ್ರಹಕ್ಕೊಂದು ಉಪಕರಣ ಮಾಡುತ್ತಿದ್ದವು. ಅದರ ಅಲ್ಯೂಮಿನಿಯಂ ಡಬ್ಬಿ ಮಾಡುವ ಭಾಗ್ಯ ನಮ್ಮದಾಗಿತ್ತು. ಮುಚ್ಚಳ ಅವರ ದೇಶದಿಂದ ಬರಬೇಕಿತ್ತು. ಇಡೀ ವಸ್ತು ನನ್ನ ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು.

ಎರಡನ್ನೂ ಜೋಡಿಸಿ ನೋಡಲು ಬೆಂಗಳೂರಿನಿಂದ ಒಬ್ಬ ಎಂಜಿನಿಯರ್, ಯುರೋಪಿನಿಂದ ಒಬ್ಬ ಎಂಜಿನಿಯರ್ ಹೆಂಗಸು ಬಂದರು. ಯಾವ ಬಾವುಟ ಎಡಕ್ಕೆ, ಯಾವುದು ಬಲಕ್ಕೆ ಎಂಬ ಚರ್ಚೆಯಲ್ಲೇ ಚಹಾ ಆರಿಹೋಯಿತು. ಮೈತ್ರಿಯ ಮೇಲೆ ಇಬ್ಬರೂ ಭಾಷಣ ಮಾಡಿದರು. ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಮುಚ್ಚಳ ಇಟ್ಟರೆ, ಅದು ಕೂಡಲಿಲ್ಲ. ವೈರಿನ ಪ್ಲಗ್ಗು ಹಾಯಬೇಕಾದ ಮುಚ್ಚಳದ ತೂತಿಗೂ ಡಬ್ಬಿಯ ತೂತಿಗೂ ಅಕ್ಕಿಕಾಳಿನಷ್ಟು ಅಂತರ.

ನಕ್ಷೆ ತೆಗೆದು ನೋಡಿದ್ದರೆ ಚಹಾ ಕುಡಿಯುವುದರೊಳಗೆ ಮುಗಿಯುವ ಕೆಲಸ. ಆದರೆ ನಕ್ಷೆ ತೋರಿಸಲು ಇಬ್ಬರೂ ತಯಾರಿರಲಿಲ್ಲ.

ಬೆಂಗಳೂರಿನವರು ನನ್ನನ್ನು ಪಕ್ಕಕ್ಕೆ ಕರೆದು, "ನೋಡಿ ಮೇಡಂ, ಅವ್ರು ಇವತ್ತು ಪಾರ್ಟ್ನರ್ಸ್, ನಾಳೆ ಕಾಂಪಿಟಿಟರ್ಸ್. ಡ್ರಾಯಿಂಗ್ ಶೇರ್ ಮಾಡೋಕಾಗಲ್ಲ," ಎಂದರು.

"ಹೌದ್ರಿ, ಆದ್ರ ಮುಚ್ಚಳಾ ಕೂಡವಲ್ದಲ್ರಿ."

"ಅದು ಬೇರೆ ಇಶ್ಯೂ."

ಕೈ ತೊಳೆಯುವಲ್ಲಿ ಸಿಕ್ಕ ಆ ಹೆಂಗಸು ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಳು.

ದಾರಿ ತೋರಿಸಿದವರು ಮಾಲಕರು. ನಕ್ಷೆ ಕೊಡಬಾರದು ಎಂದು ನಿಯಮ ಇದೆ, ಹೋಟೆಲಿಗೆ ಮಿಸಳ್ ತಿನ್ನಲು ಹೋಗಬಾರದು ಎಂದು ಇಲ್ಲವಲ್ಲ ಎಂದು, ಮೊದಲು ಆಕೆಯನ್ನು ಹೊರಗೆ ಕರೆದುಕೊಂಡು ಹೋದರು. ಮುಚ್ಚಳ ಮೇಜಿನ ಮೇಲೇ ಉಳಿಯಿತು. ಬೆಂಗಳೂರಿನವರು ಕಿಟಕಿಯ ಕಡೆ ಮುಖ ಮಾಡಿ ನಿಂತು, ನನ್ನಿಂದ ಅದನ್ನು ಅಳೆಸಿದರು. ಆಕೆ ಖಾರಕ್ಕೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಆಮೇಲೆ ಬೆಂಗಳೂರಿನವರು ಮಿಸಳ್‌ಗೆ ಹೊರಟರು. ಆಕೆ ನನ್ನಿಂದ ಡಬ್ಬಿ ಅಳೆಸಿದಳು. ಇನ್ನೊಬ್ಬರಿಗೆ ಹೇಳಬೇಡ ಎಂದು ಇಬ್ಬರೂ ಹೇಳಿದರು. ನಾನು ಇಬ್ಬರಿಗೂ ಆಗಲಿ ಎಂದೆ. ಎರಡು ದೇಶಗಳ ಗುಟ್ಟು ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿದ್ದಕ್ಕೆ ನಗು ತಡೆಯುವುದೇ ಕಷ್ಟವಾಯಿತು.

ಮಧ್ಯಾಹ್ನ ಇಬ್ಬರೂ ಒಂದೇ ಮೇಜಿನ ಎರಡು ತುದಿಗೆ, ಲ್ಯಾಪ್‌ಟಾಪಿನ ಬೆನ್ನು ಪರಸ್ಪರ ಕಾಣುವಂತೆ ಕೂತರು. ಚಾರ್ಜರ್ ಹಚ್ಚಲು ಆಕೆ ಈ ಕಡೆ ಬಂದಾಗ ಬೆಂಗಳೂರಿನವರ ಪರದೆ ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತು ನೋಡಿದಳು. ಹೋಗಿ ತನ್ನ ಲ್ಯಾಪ್‌ಟಾಪನ್ನು ಇವರ ಕಡೆ ತಿರುಗಿಸಿದಳು. ಇಬ್ಬರೂ ಮುಚ್ಚಿಟ್ಟಿದ್ದ ಅಳತೆ ಇಳಿಸಿಕೊಂಡಿದ್ದು ಮೂರನೆಯ ಯಾವುದೋ ದೇಶದ ಒಂದೇ ಅಂಗಡಿಯಿಂದ. ಅದೇ ಕ್ಯಾಟಲಾಗು, ಅದೇ ಪುಟ, ಅದೇ ಪ್ಲಗ್ಗು. ಇವರು ಎಡ ಅಂಚಿನಿಂದ ಅಳತೆ ಹಿಡಿದಿದ್ದರು, ಅವಳು ಬಲ ಅಂಚಿನಿಂದ.

"ಬಾಗಿಲು ಹಾಕಿ ಮೇಡಂ," ಎಂದರು ಬೆಂಗಳೂರಿನವರು, ಮೆಲ್ಲಗೆ.

ನನಗೆ ಆಗ ನಗುವಿಗಿಂತ ಸಿಟ್ಟೇ ಹೆಚ್ಚು ಬಂತು. ಕೂದಲೆಳೆಯಷ್ಟು ಗೀರು ಬಿದ್ದಿದೆ ಎಂದು ಎಷ್ಟೋ ಡಬ್ಬಿಗಳನ್ನು ಇದೇ ಜನ ತಿರಸ್ಕರಿಸಿದ್ದರು. ಹುಡುಗರು ಸಂಡೆ ಬಿಟ್ಟು ಮತ್ತೆ ಮಾಡಿದ್ದರು.

ತಪ್ಪು ಯಾರದು ಎಂಬ ವಿಷಯದಲ್ಲಿ ಮಾತ್ರ ಅಂದು ನಿಜವಾದ ಮೈತ್ರಿ ಏರ್ಪಟ್ಟಿತು. ಪುಣೆಯ ಬಿಸಿಲಿಗೆ ಲೋಹ ಹಿಗ್ಗಿದೆ ಎಂದು ವರದಿ ಬರೆದು ಇಬ್ಬರೂ ಸಹಿ ಮಾಡಿದರು. ಹೊರಗೆ ಮಳೆ ಬರುತ್ತಿತ್ತು. ಮುಚ್ಚಳಕ್ಕೆ ಹೊಸ ತೂತು ಕೊರೆದೆವು.

ಉಪಗ್ರಹ ಹಾರಿದ ದಿನ ನಮ್ಮ ಟಿವಿ, ನಮ್ಮ ಉಪಕರಣಕ್ಕೆ ಯುರೋಪಿನ ಸಣ್ಣ ನೆರವು ಎಂದಿತು. ಆಕೆ ಕಳಿಸಿದ ವಿಡಿಯೋದಲ್ಲಿ ಅವರ ಉಪಕರಣಕ್ಕೆ ನಮ್ಮ ಸಣ್ಣ ನೆರವು ಎಂದಿತ್ತಂತೆ. ನನ್ನ ಗಂಡ ಟಿವಿ ನೋಡುತ್ತ, "ನಿಂದು ಯಾವ್ದ ಅದರಾಗ?" ಎಂದ.

"ಕಾಣಂಗಿಲ್ಲ. ಒಳಗ ಅದ," ಎಂದೆ.

ಮಾಲಕರು ಗೇಟಿಗೆ ರಾಕೆಟ್ ಬರೆಸಿದ ಬೋರ್ಡು ಹಾಕಿಸಿದರು. ಡಬ್ಬಿಗೆ ಬಣ್ಣದ ಲೇಪನ ಮಾಡಿಕೊಟ್ಟಿದ್ದ ಪಕ್ಕದ ಕಾರ್ಖಾನೆಯವರು, ನಾವೂ ಅಂತರಿಕ್ಷದವರೇ ಎಂದು ಅದಕ್ಕಿಂತ ದೊಡ್ಡ ಬೋರ್ಡು ಹಾಕಿ ಚಂದ್ರನನ್ನೂ ಬರೆಸಿದರು. ಈಗ ಇಬ್ಬರು ಮಾಲಕರಿಗೂ ಪರಸ್ಪರ ಮಾತಿಲ್ಲ. ಗೋಡೆ ಒಂದೇ ಆದರೂ, ಲೇಪನಕ್ಕೆ ನಮ್ಮ ಮಾಲು ಟೆಂಪೋದಲ್ಲಿ ದೂರದ ಚಾಕಣದವರೆಗೆ ಹೋಗಿ ಬರುತ್ತದೆ.